ಮುಟ್ಟಲಿಲ್ಲ

ಹಾರ್ನ್ ಹೊಡೆಯುತ್ತಿದ್ದಾನೆ, ನನಗೇ ಇರಬೇಕು, ಕಿತ್ತಳೆ ಬಿಳಿ ಬಣ್ಣದ ಟ್ಯಾಕ್ಸಿ, ಹೊಡೆದುಕೋ ಮಾರಾಯ, ಬೇಕಾದಷ್ಟು ಹೊಡೆದುಕೋ, ನಾನು ಕಾರು ತೆಗೆಯುವುದಿಲ್ಲ, ಇವತ್ತು ಇನ್ನು ಯಾರಿಗೂ ಜಾಗ ಬಿಡುವುದಿಲ್ಲ, ಬೆಳಿಗ್ಗೆ ಬಿಟ್ಟುಕೊಟ್ಟದ್ದು ಸಾಕು — ಔಟಾಗದೆ ಔಟ್ ಅನ್ನಿಸಿಕೊಂಡು ಆ ಜಲ್ಲಿ ಮೈದಾನದ ನಡುವಿನಿಂದ ಟೆಂಟಿನವರೆಗೆ ನಡೆದು ಬಂದದ್ದು ಸಾಕು. ಚರ್ಚಿನ ಬಾಗಿಲು ತೆರೆದೇ ಇದೆ, ಒಳಗೆ ಜಾಗ ಸಿಗದವರು ಮೆಟ್ಟಿಲ ಮೇಲೆ ನಿಂತಿದ್ದಾರೆ, ಹಾಡು ಪಾರ್ಕಿಂಗಿನವರೆಗೂ ಕೇಳಿಸುತ್ತದೆ, ಈ ಮಸ್ಕತ್ತಿನಲ್ಲಿ ರಜೆ ಶುಕ್ರವಾರ, ಆದ್ದರಿಂದ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರವೇ, ಬೆಳಿಗ್ಗೆ ಕ್ರಿಕೆಟ್ ಸಂಜೆ ಪೂಜೆ, ಬಂದಾಗಿನಿಂದ ಹೀಗೆಯೇ, ಒಂದು ವಾರವೂ ತಪ್ಪಿಸಿದವನಲ್ಲ ನಾನು. ಹೆಂಡತಿ ಒಲಿಂಡಾ ಇಳಿಯುವಾಗ ಕಾರಿನ ಬಾಗಿಲನ್ನು ಬಹಳ ಮೆಲ್ಲಗೆ ಹಾಕಿದಳು, ಸಿಟ್ಟು ಬಂದರೆ ಅವಳು ಬಾಗಿಲು ಮೆಲ್ಲಗೆ ಹಾಕುತ್ತಾಳೆ, ನೀವು ಬರುದಿಲ್ವಾ, ಇಲ್ಲ, ದೇವರ ಮೇಲೂ ಸಿಟ್ಟಾ, ದೇವರ ಮೇಲಲ್ಲ, ನಿನ್ನ ತಮ್ಮನ ಮೇಲೆ, ಇವತ್ತು ಅವ ನನ್ನ ಮನೆಗೆ ಊಟಕ್ಕೆ ಬರುದು ಬೇಡ ಅಂತ ಹೇಳು, ನೀವೇ ಹೇಳಿ, ನಾನು ಹೇಳುದಿಲ್ಲ. ಡ್ಯಾಡಿ ಕಮ್ ನಾ, ಇಟ್ಸ್ ಓನ್ಲಿ ಎ ಗೇಮ್, ಎಂದಳು ಮಗಳು ಇವ್ಲಿನ್. ಆಟ ಅಂತೆ. ಬರೀ ಆಟ ಅಂತೆ. ಹಾಡುತ್ತಿರುವವನು ಅವನೇ, ಅವಳ ತಮ್ಮ ಆಸ್ವಾಲ್ಡ್, ಕೊಯರ್‌ನಲ್ಲಿ ಮುಂದಿನ ಸಾಲು, ಅಷ್ಟು ಜನರ ನಡುವೆಯೂ ಅವನ ದನಿ ಬೇರೆಯಾಗಿ ಕೇಳುತ್ತದೆ, ಎಂಥ ಇಂಪು, ಬೆಳಿಗ್ಗೆ ಬೆರಳೆತ್ತಿದವನ ಗಂಟಲು.

ಆ ಬೆರಳು. ಬಲಗೈಯ ತೋರುಬೆರಳು, ಉಗುರು ಸಣ್ಣಗೆ ಕತ್ತರಿಸಿದ್ದು, ನೆತ್ತಿಗಿಂತ ಮೇಲೆ ಹೋಗಲಿಲ್ಲ, ಕಿವಿಯ ಮಟ್ಟದಲ್ಲೇ ನಿಂತಿತು, ಶಾಲೆಯಲ್ಲಿ ಹೊರಗೆ ಹೋಗಲು ಕೇಳುವ ಹುಡುಗನ ಬೆರಳಿನ ಹಾಗೆ, ಅಲುಗಲಿಲ್ಲ. ನನ್ನ ಕಡೆಯ ಅಂಪೈರ್ ನನ್ನನ್ನೇ ಔಟ್ ಕೊಡುವುದು! ನಮ್ಮ ಈ ಕಂಪೆನಿ ಪಂದ್ಯಗಳಲ್ಲಿ ಅಂಪೈರಿಗೆ ಬೇರೆ ಜನ ಎಲ್ಲಿಂದ ಬರಬೇಕು, ಬ್ಯಾಟಿಂಗ್ ಮಾಡುವ ತಂಡದವರೇ ಇಬ್ಬರು ಬಿಳಿ ಕೋಟು ಹಾಕಿಕೊಂಡು ನಿಲ್ಲಬೇಕು, ನಮ್ಮ ತಂಡದಲ್ಲಿ ಆ ಕೋಟು ಆಸ್ವಾಲ್ಡನದು, ಅವನಿಗೆ ಬ್ಯಾಟು ಹಿಡಿಯಲು ಬರುವುದಿಲ್ಲ, ಚೆಂಡು ಎಸೆಯಲು ಬರುವುದಿಲ್ಲ, ಬರುವುದೆಲ್ಲ ನೆಟ್ಟಗೆ ನಿಲ್ಲುವುದು. ನೆಟ್ಟಗೆ ನಿಂತಿದ್ದ. ಸೆಮಿಫೈನಲ್, ಹೊಸ ಚೆಂಡು, ಆ ಉದ್ದ ತೋಳಿನ ಪಠಾಣ ಹುಡುಗ ಹಾಕಿದ್ದು ಆಫ್ ಸ್ಟಂಪಿನ ಆಚೆ ಬಿದ್ದು ಎದ್ದಿತು, ನಾನು ಆಡಲೆಂದು ಬ್ಯಾಟು ತಂದೆ, ಬೇಡ ಅನ್ನಿಸಿತು, ಕೈ ಹಿಂದೆಗೆದೆ, ಚೆಂಡು ಹೋಯಿತು, ಕೀಪರ್ ಆದಂ ಹಿಡಿದ. ಎಲ್ಲೋ ಟಕ್ ಎಂದಿತು. ಮ್ಯಾಟಿನ ಮೊಳೆ ಅದು. ಮ್ಯಾಟು ಹಾಸುವ ಸಂಕಪ್ಪನಿಗೆ ಹೇಳಿದ್ದೆ, ಆ ತುದಿಯ ಮೊಳೆ ಸರಿಯಾಗಿ ಕೂತಿಲ್ಲ ಇನ್ನೊಂದು ಪೆಟ್ಟು ಹಾಕು ಮಾರಾಯ ಎಂದು, ಸಿಮೆಂಟಿನ ಮೇಲೆ ತೆಂಗಿನ ನಾರಿನ ಮ್ಯಾಟು ಎಳೆದು ಕಟ್ಟುವುದು ಅಂದರೆ ಚಾಪೆ ಹಾಸಿದ ಹಾಗಲ್ಲ, ಒಂದು ಮೊಳೆ ಎದ್ದರೆ ಚೆಂಡು ಅದಕ್ಕೆ ಬಡಿದು ಸದ್ದು ಮಾಡುತ್ತದೆ, ಯಾರಿಗೆ ಗೊತ್ತಿಲ್ಲ ಇದು. ಅವನಿಗೂ ಗೊತ್ತಿತ್ತು. ಆದರೂ ಎತ್ತಿದ.

ಮುಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು. ಕಿವಿಗಲ್ಲ, ಕೈಗೆ. ಜನ ಬ್ಯಾಟಿಂಗ್ ಅಂದರೆ ಕಣ್ಣು ಅನ್ನುತ್ತಾರೆ, ಕಣ್ಣು ಎಲ್ಲರಿಗೂ ಇದೆ, ಬೌಲರನ ಕೈಯಿಂದ ಚೆಂಡು ಹೊರಡುವುದನ್ನು ನೋಡಲು ಯಾರಿಗಾದರೂ ಕಲಿಸಬಹುದು, ಆದರೆ ಬ್ಯಾಟಿನ ಯಾವ ಜಾಗಕ್ಕೆ ಚೆಂಡು ಬಂತು, ನಡುವಿಗೋ ತುದಿಗೋ ಅಂಚಿಗೋ, ಎಷ್ಟು, ಬರೀ ಸವರಿತೋ, ಅದನ್ನು ಹಿಡಿಯ ಮೂಲಕ ಬೆರಳು ಹೇಳಬೇಕು, ಬೆರಳು ಹೇಳಿದ್ದನ್ನು ಕೇಳಿ ಮುಂದಿನ ಚೆಂಡಿಗೆ ಕೈ ತಾನೇ ಸರಿಹೋಗಬೇಕು, ಇಷ್ಟೇ ಬ್ಯಾಟಿಂಗ್, ಉಳಿದದ್ದೆಲ್ಲ ಟಿ.ವಿ. ನೋಡಿ ಕಲಿತ ಡೌಲು. ನಮ್ಮೂರು ಶಂಕರಪುರದಲ್ಲಿ ಅಮ್ಮ ಮಲ್ಲಿಗೆ ಕಟ್ಟುತ್ತಿದ್ದಳು, ಬೆಳಗಿನ ಕತ್ತಲೆಯಲ್ಲೇ ಕೊಯ್ದು ತಂದ ಮೊಗ್ಗು, ಕರೆಂಟಿಲ್ಲದ ಜಗಲಿ, ನನ್ನ ಜೊತೆ ಮಾತಾಡುತ್ತಲೇ ಇರುತ್ತಾಳೆ, ಕಣ್ಣು ನನ್ನ ಮೇಲೆ, ಬೆರಳು ಬಾಳೆನಾರಿನ ಮೇಲೆ, ಒಂದು ಮೊಗ್ಗು ಸೊರಗಿದ್ದರೆ ಬೆರಳು ಅಲ್ಲೇ ನಿಲ್ಲುತ್ತದೆ, ಆಚೆ ಹಾಕುತ್ತಾಳೆ, ನೋಡುವುದಿಲ್ಲ, ಹೇಗೆ ಗೊತ್ತಾಯ್ತಮ್ಮ, ಗೊತ್ತಾಗ್ತದೆ ಮಗಾ. ಆ ಬೆರಳು ನನಗೆ ಬಂದದ್ದು. ಕೊಯ್ಲಾದ ಗದ್ದೆಯಲ್ಲಿ ತೆಂಗಿನ ಗರಿಯ ಬುಡದ ಕೊತ್ತಳಿಗೆಯನ್ನು ಕೆತ್ತಿ ಬ್ಯಾಟು ಮಾಡಿ ಅಂಡರ್ ಆರ್ಮ್ ಆಡಿದವನು ನಾನು, ಕೊತ್ತಳಿಗೆಗೆ ಹಿಡಿಯಿಲ್ಲ ರಬ್ಬರಿಲ್ಲ, ತಪ್ಪಿ ಆಡಿದರೆ ಮೊಣಕೈವರೆಗೆ ಜುಂ ಅನ್ನುತ್ತಿತ್ತು, ಆ ನೋವೇ ನನ್ನ ಮೇಷ್ಟ್ರು. ಪೇಟೆಯ ಕ್ಲಬ್ಬಿನವರು ನಿಜವಾದ ಬ್ಯಾಟು ಕೈಗೆ ಕೊಟ್ಟ ದಿನ ನನಗೆ ನಗು ಬಂದಿತ್ತು, ಇಷ್ಟು ಸುಲಭವಾ ಇದು.

ಸುಲಭವಾಗಿಯೇ ಇತ್ತು. ಎಂಬತ್ತೊಂದರಲ್ಲಿ ನನ್ನನ್ನು ಇಲ್ಲಿಗೆ ಕರೆಸಿದ್ದು ಸ್ಟೋರ್‌ಕೀಪರ್ ಎಂದು, ಎಲ್ಲರಿಗೂ ಗೊತ್ತು ಯಾಕೆ ಎಂದು, ಸಿಮೆಂಟು ಮೂಟೆ ಎಣಿಸಲು ಜನ ಸಿಗದೆ ಅಲ್ಲ. ಖುರುಮ್‌ನ ಆಫೀಸಿನಲ್ಲಿ ಜನರಲ್ ಮ್ಯಾನೇಜರ್ ಎದ್ದು ನಿಂತು ಕೈ ಕೊಟ್ಟಿದ್ದರು. ನಮ್ಮ ಕಫೀಲ್, ಕಂಪೆನಿಯ ಅರಬಿ ಧಣಿ, ಒಂದು ಸಲ ಪಂದ್ಯಕ್ಕೆ ಬಂದರು, ಬಿಳಿ ದಿಶ್ದಾಶ ನಿಲುವಂಗಿ, ಕುರ್ಚಿ ಹಾಕಿಸಿ ಕೂತು ಖರ್ಜೂರ ತಿನ್ನುತ್ತ ನೋಡಿದರು, ನಾನು ಒಂದರ ಮೇಲೊಂದು ಚೆಂಡು ಬಿಡುತ್ತಿದ್ದೆ, ಬ್ಯಾಟು ಮೇಲೆತ್ತಿ ಹಾಗೆಯೇ ಕೀಪರಿಗೆ, ಆಟದ ನಡುವೆ ನನ್ನನ್ನು ಕರೆದು ಕೇಳಿದರು, ಲೇಶ್, ಯಾಕೆ, ಅವನು ಎಸೆಯುತ್ತಾನೆ, ನೀನು ಸುಮ್ಮನೆ ನೋಡುತ್ತೀ, ಹೊಡೆಯಲಿಕ್ಕಲ್ವಾ ನಿನ್ನನ್ನು ತರಿಸಿದ್ದು. ಎಲ್ಲರೂ ನಕ್ಕರು. ನಾನು ನನ್ನ ಅರ್ಧಂಬರ್ಧ ಹಿಂದಿಯಲ್ಲಿ ಹೇಳಿದೆ, ಬಾಬಾ, ಮೀನು ಮಾರ್ಕೆಟಿಗೆ ಹೋದರೆ ನೀವು ಎದುರಿಗೆ ಬಂದ ಮೀನನ್ನೆಲ್ಲ ಕೊಳ್ಳುತ್ತೀರಾ. ಅವರು ಗಡ್ಡ ನೀವಿಕೊಂಡು ತಲೆಯಾಡಿಸಿದರು, ಅವರಿಗೆ ಅರ್ಥವಾಯಿತು, ನಮ್ಮ ಹುಡುಗರಿಗೆ ಇವತ್ತಿಗೂ ಆಗಿಲ್ಲ. ಬಿಡಲು ಬಾರದವನಿಗೆ ಹೊಡೆಯಲೂ ಬಾರದು ಅಂತ ಬಾಯಿ ಒಣಗುವವರೆಗೆ ಹೇಳಿದ್ದೇನೆ, ಹೆಲ್ಮೆಟ್ ಬೇಕು, ಬಣ್ಣದ ಗ್ಲೌಸು ಬೇಕು, ಬಂದ ಚೆಂಡಿಗೆಲ್ಲ ಬೀಸಬೇಕು, ಥೂ. ನಿನ್ನ ಚೆಂಡು ಬರುತ್ತದೆ, ಬಂದೇ ಬರುತ್ತದೆ, ಬೌಲರನಿಗೆ ಬೇಸರ ಹತ್ತುವವರೆಗೆ ಕಾಯು, ಆಮೇಲೆ ಹೊಡಿ, ಸೀಬ್ ಕಡೆ ಹೋಗುವ ರಸ್ತೆ ದಾಟಿ ಬೀಳಲಿ. ಎಷ್ಟು ಸಲ ಬಿದ್ದಿದೆ. ಅಲ್ಲಿ ಕಾರು ನಿಲ್ಲಿಸಿ ಚೆಂಡು ಹೆಕ್ಕಿ ಕೊಟ್ಟವರು ನನ್ನ ಹೆಸರು ಕೇಳಿಕೊಂಡು ಹೋಗುತ್ತಿದ್ದರು. ಆ ಹೆಸರಿನ ಮೇಲೆಯೇ ಆಸ್ವಾಲ್ಡನಿಗೆ ವೀಸಾ ಸಿಕ್ಕಿದ್ದು, ಕಪ್ ಗೆದ್ದ ದಿನ ಜನರಲ್ ಮ್ಯಾನೇಜರ್ ನಿನಗೇನು ಬೇಕು ಕೇಳು ಎಂದಾಗ ನಾನು ಕೇಳಿದ್ದು ನನಗಾಗಿ ಅಲ್ಲ, ಹೆಂಡತಿಯ ತಮ್ಮನಿಗೆ ಒಂದು ಕೆಲಸ.

ಹೇಳಿದೆನಲ್ಲ ಅದನ್ನೂ ಇವತ್ತು. ನೀರಿನ ವಿರಾಮಕ್ಕೆ ಅವನು ಬಂದಾಗ, ಟೆಂಟಿನ ನೆರಳಲ್ಲಿ ಎಲ್ಲರ ಎದುರು, ಸಂಕಪ್ಪ ನೀರಿನ ಕ್ಯಾನು ಹಿಡಿದು ನಿಂತಿದ್ದಾನೆ, ಕ್ಯಾಪ್ಟನ್ ಪ್ರೇಮನಾಥ ಪ್ಯಾಡು ಕಟ್ಟುತ್ತಿದ್ದಾನೆ, ನಿನ್ನನ್ನು ಈ ದೇಶಕ್ಕೆ ತಂದದ್ದೇ ಈ ಬ್ಯಾಟು ಗೊತ್ತುಂಟಾ, ಎಂದೆ, ಹೇಳಬಾರದಿತ್ತೋ ಏನೋ, ಹೇಳಲೇಬೇಕಿತ್ತು, ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಾವ, ನಂಗೆ ಕೇಳಿತು ಎಂದ. ಎಂತ ಕೇಳಿತು? ಕೇಳಿತು ಬಾವ, ಅಷ್ಟೇ, ನಾನೆಂತ ಮಾಡ್ಲಿ. ಮೊಳೆ ಅದು, ಮೊಳೆ! ಮೊಳೆಗೆ ತಾಗಿದ್ರೆ ಚೆಂಡು ತಿರುಗ್ತಿತ್ತಲ್ಲ ಬಾವ. ನನಗೆ ಪಾಠ ಹೇಳುತ್ತಾನೆ, ಬ್ಯಾಟು ಹಿಡಿಯಲು ಬಾರದವನು. ನನಗೆ ಗೊತ್ತಿಲ್ಲವೇ ಅವನು ಯಾಕೆ ಎತ್ತಿದ ಎಂದು, ಹೋದ ಪಂದ್ಯದಲ್ಲಿ ಕಾಲಿಗೆ ಬಡಿದದ್ದಕ್ಕೆ ನನ್ನನ್ನು ಔಟ್ ಕೊಡಲಿಲ್ಲ, ಸರಿಯಾಗಿಯೇ ಕೊಡಲಿಲ್ಲ, ಆಗ ಎದುರು ತಂಡದವರು ಕೂಗಿದರು, ಬಾವ ಅಲ್ವಾ, ಬೆರಳು ಹೇಗೆ ಏಳ್ತದೆ ಮಾರಾಯ್ರೆ. ಆವತ್ತು ರಾತ್ರಿ ನಮ್ಮಲ್ಲಿ ಊಟಕ್ಕೆ ಕೂತು ತಟ್ಟೆ ಮುಟ್ಟಲಿಲ್ಲ ಇವನು, ಒಲಿಂಡಾ ಕೋಳಿ ಬಡಿಸಿದಳು, ಹಾಗೆಯೇ ಎದ್ದ. ಅಷ್ಟೇ, ಅದನ್ನು ತೊಳೆದುಕೊಳ್ಳಲು ನನ್ನ ವಿಕೆಟ್ ಬೇಕಿತ್ತು ಇವನಿಗೆ, ನೋಡಿ, ನಾನು ಸಂಬಂಧ ನೋಡುವವನಲ್ಲ, ಅಕ್ಕನ ಗಂಡನಾದರೂ ಬಿಡುವವನಲ್ಲ ಎಂದು ತೋರಿಸಲು! ನಮ್ಮವರ ಹಣೆಬರಹವೇ ಇದು, ನಾಲ್ಕು ಜನ ಆಡಿಕೊಳ್ಳುತ್ತಾರೆಂದು ಹೆದರಿ ಮನೆಯವರ ಕುತ್ತಿಗೆಗೆ ಮೊದಲು ಕತ್ತಿ ಇಡುವುದು. ಸಂಬಂಧಿಕನಲ್ಲದೆ ಇನ್ಯಾರೋ ನಿಂತಿದ್ದರೆ ಬೆರಳು ಏಳುತ್ತಿರಲಿಲ್ಲ.

ಆದರೆ ಅದಲ್ಲ, ಎದೆಯಲ್ಲಿ ಮುರಿದು ಕೂತದ್ದು ಬೆರಳು ಮಾತ್ರ ಅಲ್ಲ, ಅದಕ್ಕಿಂತ ಮೊದಲಿನ ಆ ಮೌನ. ಆದಂ ಚೆಂಡು ಹಿಡಿದ, ಯಾರೂ ಕೂಗಲಿಲ್ಲ. ಅಪೀಲೇ ಮಾಡಲಿಲ್ಲ. ಮಸ್ಕತ್ತಿನಲ್ಲಿ ಅಂಚಿನ ಕ್ಯಾಚಿಗೆ ಯಾವ ತಂಡವೂ ನನ್ನ ಮೇಲೆ ಕೂಗುವುದಿಲ್ಲ, ಕೂಗಬೇಕಾಗಿಯೇ ಇಲ್ಲ, ಈ ಫೌಸ್ಟಿನ್ ಮುಟ್ಟಿದರೆ ತಾನೇ ನಡೆಯುತ್ತಾನೆ, ಮುಟ್ಟದಿದ್ದರೆ ನಿಲ್ಲುತ್ತಾನೆ, ಇದು ಇಲ್ಲಿನ ಕಾನೂನು, ಪುಸ್ತಕದಲ್ಲಿಲ್ಲದ ಕಾನೂನು, ನಾನು ಮಾಡಿದ್ದು. ಅಂಪೈರ್ ತಲೆಯಾಡಿಸಿ ನಾಟೌಟ್ ಅಂದಮೇಲೂ ಬ್ಯಾಟು ಬಗಲಲ್ಲಿಟ್ಟುಕೊಂಡು ಹೊರಟವನು ನಾನು, ಸೂರ್‌ನಲ್ಲಿ ಆಡಿದಾಗ, ಗೆಲುವಿಗೆ ಇನ್ನೇನು ಬೇಕು ಅನ್ನುವಾಗ, ನಮ್ಮವರೇ ಬೈದರು, ಹುಚ್ಚು ಅಂದರು, ಇರಲಿ, ನನ್ನ ಬೆರಳಿಗೆ ಗೊತ್ತಾದ ಮೇಲೆ ನಾನು ನಿಂತರೆ ಆ ಬೆರಳಿಗೆ ಇನ್ನೆಂತ ಮರ್ಯಾದೆ. ಹಾಗಾಗಿ ಇವತ್ತು ಅವರು ಕಾದರು. ಸ್ಲಿಪ್ಪಿನವರು ನನ್ನನ್ನೇ ನೋಡುತ್ತಿದ್ದಾರೆ. ಪಠಾಣ ಹುಡುಗ ಎರಡೂ ಕೈ ಸೊಂಟದ ಮೇಲಿಟ್ಟು ನಗುತ್ತಿದ್ದಾನೆ, ಆಯಿತಲ್ಲ ಚಾಚಾ ಎನ್ನುವಂತೆ. ನಾನು ಮ್ಯಾಟು ತಟ್ಟಿದೆ, ಮುಂದಿನ ಚೆಂಡಿಗೆ ನಿಂತೆ. ಅವರ ಮುಖಗಳು — ಒಂದೊಂದಾಗಿ — ನಗು ಹೋಯಿತು. ಫೌಸ್ಟಿನಣ್ಣ, ಎಂದ ಆದಂ ಹಿಂದಿನಿಂದ, ಉಳ್ಳಾಲದ ಬ್ಯಾರಿ ಹುಡುಗ, ನನ್ನ ಮೇಲೆ ಭಕ್ತಿ ಅವನಿಗೆ, ಫೌಸ್ಟಿನಣ್ಣ, ಎಂತದು, ಹೋಗುದಿಲ್ವಾ ನೀವು. ಮುಟ್ಲಿಲ್ಲ ಮಾರಾಯ, ಎಂದೆ. ಅವನು ಚೆಂಡನ್ನು ಗ್ಲೌಸಿನಲ್ಲಿ ಒಮ್ಮೆ ತಿರುಗಿಸಿದ. ಆಮೇಲೆ, ಮೀನಿನ ರೇಟು ಕೇಳುವಷ್ಟೇ ಮೆಲ್ಲಗೆ, ಆಸ್ವಾಲ್ಡನ ಕಡೆ ತಿರುಗಿ, ಹೌಸ್ ದ್ಯಾಟ್ ಸಾ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು, ನಾಚಿಕೆಯಿತ್ತು, ನನ್ನ ಪರವಾಗಿ ಅವನಿಗೆ ನಾಚಿಕೆ. ಆಗ ಬೆರಳು. ಕಿವಿಯ ಮಟ್ಟದಲ್ಲಿ, ಅಲುಗದೆ. ಇಷ್ಟು ವರ್ಷದ ಮಾತು ಹೋಯಿತು, ಇನ್ನು ಎಲ್ಲರೂ ಕೂಗುತ್ತಾರೆ, ಇನ್ನು ನಾನೂ ಎಲ್ಲರ ಹಾಗೆ, ಮುಟ್ಟಿಯೂ ಮುಟ್ಟಲಿಲ್ಲ ಅನ್ನುವವನು. ಪ್ರೇಮನಾಥ ಟೆಂಟಿನಲ್ಲಿ ಕೇಳುತ್ತಾನೆ, ಬ್ಯಾಟು ತೋರಿಸಿ ಮಾರಾಯ್ರೆ, ಒಮ್ಮೆ ಅಂಚು ನೋಡುವ, ಮುಗಿತಲ್ಲ. ನೋಡಬೇಕಂತೆ! ನನ್ನ ಮಾತಿಗೆ ಸಾಕ್ಷಿ ಬೇಕಂತೆ! ಅವನಪ್ಪ ಬಂದರೂ ತೋರಿಸುವುದಿಲ್ಲ ಎಂದೆ, ಚೀಲಕ್ಕೆ ಹಾಕಿ ಜಿಪ್ ಎಳೆದೆ, ಅಲ್ಲಿ ಇದೆ ಹಿಂದಿನ ಸೀಟಿನಲ್ಲಿ, ಯಾರೂ ಮುಟ್ಟಿಲ್ಲ. ಪಂದ್ಯ ಸೋತೆವು, ಸೋಲಲಿ.

ಪಾದ್ರಿಗಳ ಪ್ರವಚನ ಮುಗಿಯಿತು ಕಾಣುತ್ತದೆ, ಎಲ್ಲರೂ ಎದ್ದು ನಿಂತ ಸದ್ದು. ಟ್ಯಾಕ್ಸಿಯವನು ಯಾವಾಗ ಹೋದನೋ. ಎ.ಸಿ.ಯ ಗಾಳಿ ಮುಖಕ್ಕೆ ತಣ್ಣಗೆ, ಕೈಗೆ ಏನೂ ಇಲ್ಲ, ಸ್ಟೀರಿಂಗ್ ಮೇಲಿಟ್ಟ ಕೈಗೆ, ಬಿಸಿಯೂ ಇಲ್ಲ ತಣ್ಣಗೂ ಇಲ್ಲ, ಗ್ಲೌಸು ಹಾಕಿ ಹಾಕಿ ಹೀಗಾಗಿರಬೇಕು. ಒಲಿಂಡಾಳಿಗೆ ನರ್ಸಮ್ಮನ ಬುದ್ಧಿ, ಎಲ್ಲದರಲ್ಲೂ ರೋಗ ಕಾಣುತ್ತದೆ, ಮೊನ್ನೆ ಚಹಾದ ಲೋಟ ಹಿಡಿದು ಪೇಪರ್ ಓದುತ್ತಿದ್ದೆ, ಅಯ್ಯೋ ನಿಮ್ಮ ಬೆರಳು ನೋಡಿ, ಬೊಕ್ಕೆ ಎದ್ದಿದೆಯಲ್ಲ, ಸುಟ್ಟದ್ದು ಗೊತ್ತಾಗ್ಲಿಲ್ವಾ ನಿಮಗೆ, ಎಂತ ಗೊತ್ತಾಗುದು, ಓದ್ತಿದ್ದೆ. ಸಕ್ಕರೆ ಇದೆ ನಿಮಗೆ, ಡಾಕ್ಟರ್ ಹೇಳಿದ್ದಾರೆ, ಮಾತ್ರೆ ತಿನ್ನುದಿಲ್ಲ ನೀವು, ಅದು ಮೊದಲು ಕಾಲಿಗೆ ಬರ್ತದೆ, ಮತ್ತೆ ಕೈಗೆ, ಮೆಲ್ಲ ಮೆಲ್ಲ ಬರ್ತದೆ, ಗೊತ್ತೇ ಆಗುದಿಲ್ಲ. ಸಕ್ಕರೆಯಂತೆ. ಹೊಡೆಯುವ ಕೈಗೆ ಎಂಥ ಸಕ್ಕರೆ. ಅಂಗಿಯ ಗುಂಡಿ ಸಣ್ಣದು, ಅದಕ್ಕೆ ಸಿಗುವುದಿಲ್ಲ, ಅವಳು ಹಾಕಿ ಕೊಡುತ್ತಾಳೆ, ಅದರಲ್ಲಿ ಏನಿದೆ. ಇವತ್ತು ಬೆಳಿಗ್ಗೆ ಪ್ಲಾಸ್ಟರಿನ ಸುರುಳಿ, ಪ್ರತಿ ಪಂದ್ಯಕ್ಕೂ ಬ್ಯಾಟಿನ ಅಂಚಿಗೆ ಹೊಸ ಬಿಳಿ ಪ್ಲಾಸ್ಟರ್ ಸುತ್ತುತ್ತೇನೆ, ಆಸ್ಪತ್ರೆಯದು, ಅವಳೇ ತರುವುದು, ಇವತ್ತು ಸುರುಳಿಯ ತುದಿ ಸಿಗಲಿಲ್ಲ, ಬೆರಳಿನಿಂದ ಸುತ್ತ ಸವರುತ್ತೇನೆ ಸವರುತ್ತೇನೆ, ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ, ಕಳಪೆ ಮಾಲು ತಂದಿದ್ದೀ ಎಂದು ಬೈದೆ. ಅವಳು ಸುರುಳಿ ಕೈಗೆ ತೆಗೆದುಕೊಂಡಳು, ಒಮ್ಮೆ ಸವರಿದಳು, ತುದಿ ಎತ್ತಿದಳು. ಅವಳೇ ಸುತ್ತಿ ಕೊಟ್ಟಳು, ನೀಟಾಗಿ, ಗಾಯಕ್ಕೆ ಸುತ್ತುವ ಹಾಗೆ.

ಬೆಳ್ಳಗಿದೆ ಅದು. ಬೆಳ್ಳಗೇ ಇರಬೇಕು. ನಾನು ಇವತ್ತು ಆಡಿದ ಚೆಂಡುಗಳೆಲ್ಲ ಬ್ಯಾಟಿನ ನಡುವಿಗೇ ಬಂದವು, ಅಂಚಿಗೆ ಒಂದೂ ಇಲ್ಲ, ಆ ಒಂದನ್ನು ಬಿಟ್ಟರೆ, ಅಲ್ಲ, ಆ ಒಂದೂ ಇಲ್ಲ. ಸರಿ, ತೋರಿಸಿಯೇ ಬಿಡುತ್ತೇನೆ. ಇದನ್ನು ಹಿಡಿದುಕೊಂಡೇ ಒಳಗೆ ಹೋಗುತ್ತೇನೆ, ಕೊಯರಿನ ಎದುರಿಗೆ, ಎಲ್ಲರೂ ನೋಡಲಿ, ನೋಡು, ಬಿಳಿ, ನಿನ್ನ ಕಿವಿಗೆ ಕೇಳಿದ್ದು ಎಲ್ಲಿದೆ ತೋರಿಸು, ನಾಳೆ ಆದಂಗೂ ತೋರಿಸುತ್ತೇನೆ, ಆ ಪಠಾಣನಿಗೂ. ಹಿಂದಿನ ಸೀಟಿಗೆ ಕೈ ಹಾಕಿದೆ, ಚೀಲ ಸಿಕ್ಕಿತು, ಜಿಪ್ಪಿನ ನಾಲಗೆ ಸಿಗಲಿಲ್ಲ, ಸಿಗಲಿಲ್ಲ, ಎಲ್ಲಿ ಹೋಯಿತು ದರಿದ್ರದ್ದು, ತೊಡೆಯ ಮೇಲೆ ಇಟ್ಟುಕೊಂಡು ಕಣ್ಣಿನಿಂದ ಹುಡುಕಿ ಹಲ್ಲಿನಿಂದ ಎಳೆದೆ. ಒಳಗೆ ಕೊಂಕಣಿಯಲ್ಲಿ ಪರಲೋಕದ ತಂದೆಯ ಪ್ರಾರ್ಥನೆ ಹಾಡುತ್ತಿದ್ದಾರೆ, ಇದಾದ ಮೇಲೆ ಶಾಂತಿ, ಒಬ್ಬರಿಗೊಬ್ಬರು ಕೈ ಕೊಡಿ ಎನ್ನುತ್ತಾರೆ ಪಾದ್ರಿಗಳು, ಪ್ರತಿ ವಾರ ಆಸ್ವಾಲ್ಡ್ ಕೊಯರಿನಿಂದ ಇಳಿದು ನಮ್ಮ ಬೆಂಚಿನವರೆಗೆ ಬರುತ್ತಾನೆ, ಮೊದಲು ನನಗೆ, ಆಮೇಲೆ ಅಕ್ಕನಿಗೆ. ಬ್ಯಾಟು ಹೊರಗೆ ಬಂತು. ಕಿಟಕಿಯಿಂದ ಚರ್ಚಿನ ದೀಪದ ಬೆಳಕು ಬೀಳುತ್ತಿದೆ. ಹಿಡಿ ನನ್ನ ಕಡೆ, ಬ್ಯಾಟಿನ ಮುಖ ಕೆಳಗೆ, ತಿರುಗಿಸಿದೆ, ಹೊರಗಿನ ಅಂಚು.

ಬಿಳಿ. ಬಿಳಿ. ಮಧ್ಯಕ್ಕಿಂತ ಸ್ವಲ್ಪ ಮೇಲೆ ಕೆಂಪು.

ಮೊಳೆಗೆ ಕೆಂಪು ಬಣ್ಣವಿಲ್ಲ. ಚೀಲದಲ್ಲಿ ಏನಾದರೂ ತಾಗಿರಬಹುದು, ಚೀಲ ನೀಲಿ, ಒಲಿಂಡಾಳ ಉಗುರಿನ ಬಣ್ಣ, ಅವಳು ಬಣ್ಣ ಹಚ್ಚುವುದಿಲ್ಲ. ಹೊಸ ಚೆಂಡಿನ ಕೆಂಪು, ಉದ್ದಕ್ಕೆ, ಹುಣಸೆ ಬೀಜದಷ್ಟು, ಪ್ಲಾಸ್ಟರು ಅಲ್ಲಿ ಸ್ವಲ್ಪ ಒಳಗೆ ಹೋಗಿದೆ, ಹೊಲಿಗೆ ಕಚ್ಚಿದ ಗುರುತು. ಸವರಿದ್ದಲ್ಲ ಇದು. ಬಡಿದದ್ದು. ಪಠಾಣನಿಗೆ ಕೇಳಿಸಿದೆ, ಸ್ಲಿಪ್ಪಿಗೆ ಕೇಳಿಸಿದೆ, ಆದಂಗೆ ಕೇಳಿಸಿದೆ, ಆಸ್ವಾಲ್ಡನಿಗೆ ಕೇಳಿಸಿದೆ. ಇಷ್ಟು ದೊಡ್ಡದಾಗಿ ಬಡಿದದ್ದು ನನ್ನ ಕೈಗೆ — ಯಾಕೆ ಹೇಳಲಿಲ್ಲ ನೀನು, ನಿನ್ನನ್ನೇ ನಂಬಿದ್ದೆನಲ್ಲ, ಯಾರು ಹೇಳದಿದ್ದರೂ ನೀನು ಹೇಳುತ್ತೀ ಎಂದು ನಂಬಿದ್ದೆನಲ್ಲ, ಹೆಂಡತಿಯನ್ನು ಬೈದೆ, ಅವನನ್ನು ಎಲ್ಲರೆದುರು, ನಿನ್ನ ಮಾತು ಕಟ್ಟಿಕೊಂಡು, ದರಿದ್ರ ಕೈ. ಒಳಗೆ ಹಾಡು ನಿಂತಿತು. ಬಾಗಿಲಲ್ಲಿ ಜನ ಒಬ್ಬರಿಗೊಬ್ಬರು ಕೈ ಕೊಡುತ್ತಿದ್ದಾರೆ, ಅವರ ನಡುವೆ ದಾರಿ ಮಾಡಿಕೊಂಡು ಒಬ್ಬ ಹೊರಗೆ ಬಂದ, ಕೊಯರಿನ ಬಿಳಿ ಅಂಗಿ, ಮೆಟ್ಟಿಲ ಮೇಲೆ ನಿಂತು ಕಾರುಗಳ ಸಾಲನ್ನು ನೋಡುತ್ತಿದ್ದಾನೆ, ಹುಡುಕುತ್ತಿದ್ದಾನೆ, ನೆಟ್ಟಗೆ ನಿಂತಿದ್ದಾನೆ. ನನ್ನ ಬೆರಳನ್ನು ಆ ಕೆಂಪಿನ ಮೇಲೆ ಇಟ್ಟೆ. ಒತ್ತಿದೆ. ಉಗುರು ಬೆಳ್ಳಗಾಗುವವರೆಗೆ ಒತ್ತಿದೆ. ಮುಟ್ಟುತ್ತಿದೆ, ಕಣ್ಣಿಗೆ ಕಾಣುತ್ತಿದೆ ಮುಟ್ಟುವುದು. ಅವನು ನನ್ನ ಕಾರನ್ನು ಕಂಡ, ಬರುತ್ತಿದ್ದಾನೆ, ಕೈ ಮುಂದೆ ಚಾಚಿಕೊಂಡೇ ಬರುತ್ತಿದ್ದಾನೆ, ಬಲಗೈ, ಆ ಬೆರಳು, ಉಗುರು ಸಣ್ಣಗೆ ಕತ್ತರಿಸಿದ್ದು, ನಾನು ಹಿಡಿದರೂ ಹಿಡಿದದ್ದು ನನಗೆ ಗೊತ್ತಾಗುವುದಿಲ್ಲ, ಆ ಬೆರಳು, ಕಿವಿಯ ಮಟ್ಟದಲ್ಲಿ, ಅಲುಗದೆ, ಆ ಬೆರಳು —